ಎರಡನೆಯ ಭಾಗದಲ್ಲಿ ಕುರಿಗಳಿರಲಿಲ್ಲ

ನಾನು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ ಸೊಲ್ಲಾಪುರದ ನಮ್ಮ ಶಾಲೆಯ ಗ್ರಂಥಾಲಯಕ್ಕೆ ಎರಡು ಪೆಟ್ಟಿಗೆ ಹೊಸ ಪುಸ್ತಕಗಳು ಬಂದವು. ಅಲ್ಲಿಯವರೆಗೆ ಆ ಕಪಾಟಿನಲ್ಲಿದ್ದದ್ದು ಸಾಮಾನ್ಯ ಜ್ಞಾನದ ಪುಸ್ತಕಗಳು, ದೊಡ್ಡವರ ಜೀವನಚರಿತ್ರೆಗಳು ಮತ್ತು ಯಾರೂ ಮುಟ್ಟದ ಒಂದು ವಿಶ್ವಕೋಶ. ಹೊಸದಾಗಿ ಬಂದವೆಲ್ಲ ನಮ್ಮ ವಯಸ್ಸಿನವರಿಗಾಗಿಯೇ ಬರೆದ ಇಂಗ್ಲಿಷ್ ಕಾದಂಬರಿಗಳು. ಕೆಲವು ಸಾಹಸದ ಕಥೆಗಳು: ದ್ವೀಪ, ಹಡಗು, ಹರಿದ ನಕ್ಷೆ. ಉಳಿದವು ಕೆಟ್ಟುಹೋದ ಮುಂದಿನ ಕಾಲದ ಕಥೆಗಳು: ಕ್ರೂರ ಸರ್ಕಾರ, ಎತ್ತರದ ಗೋಡೆ, ಅದರೊಳಗೆ ಸಿಕ್ಕಿಕೊಂಡ ನಮ್ಮಷ್ಟೇ ವಯಸ್ಸಿನ ಒಬ್ಬ ಹುಡುಗಿಯೋ ಹುಡುಗನೋ.

ಒಂದೇ ತಿಂಗಳಲ್ಲಿ ಊಟದ ಬಿಡುವಿನ ಮಾತೆಲ್ಲ ಈ ಪುಸ್ತಕಗಳದ್ದೇ ಆಯಿತು. ಶೇಂಗಾ ಚಟ್ನಿಯ ಡಬ್ಬಿಗಳನ್ನು ಅದಲುಬದಲು ಮಾಡಿಕೊಂಡು ತಿನ್ನುತ್ತ ಜಗಳ ಆಡುತ್ತಿದ್ದೆವು. ನನ್ನ ಪಕ್ಕದ ಬೆಂಚಿನವಳು ಕೊನೆಯ ಪುಟವನ್ನು ಮೊದಲು ಓದಿ, ನಾಯಕಿ ಬದುಕಿದ್ದಾಳೆಂದು ಖಾತ್ರಿಯಾದ ಮೇಲೆಯೇ ಮೊದಲನೆಯ ಪುಟಕ್ಕೆ ಬರುತ್ತಿದ್ದಳು. ಹಿಂದಿನ ಬೆಂಚಿನವನ ಪ್ರಕಾರ ಹಡಗು ಮುಳುಗದಿದ್ದರೆ ಅದು ಸಾಹಸವೇ ಅಲ್ಲ. ನನಗೆ ಹಡಗಿಗಿಂತ ಗೋಡೆಯ ಕಥೆಗಳು ಇಷ್ಟ. ನಮ್ಮದು ಪೇಠೆಯ ಒಳಗಿನ ಮನೆ, ಕೆಳಗೆ ಚಾದರ ಮತ್ತು ಟವೆಲ್‌ಗಳ ಅಂಗಡಿ, ಮೇಲೆ ನಾವು ಒಂಬತ್ತು ಜನ. ಏಳುವುದಕ್ಕೆ, ಪೂಜೆಗೆ, ಊಟಕ್ಕೆ, ಅಂಗಡಿ ಬಾಗಿಲು ತೆರೆಯುವುದಕ್ಕೆ ಎಲ್ಲಕ್ಕೂ ಒಂದು ಹೊತ್ತು ಗೊತ್ತಾಗಿತ್ತು. ಹೇಳಿದ ಮಾತು ಕೇಳದ ಹುಡುಗಿಯರ ಬಗ್ಗೆ ಓದುವುದೆಂದರೆ ನನಗೆ ಹಬ್ಬ.

ಅಂಥ ಪುಸ್ತಕಗಳಲ್ಲಿ ಒಂದು ನನ್ನನ್ನು ಪೂರ್ತಿ ಹಿಡಿದುಕೊಂಡಿತು. ಅದರಲ್ಲಿ ಒಂದು ಊರು. ಊರಿಗೆಲ್ಲ ಮೇಲೊಂದು ಛಾವಣಿ, ಯಾರೂ ಆಕಾಶ ಕಂಡವರಲ್ಲ. ಗಡಿಯಾರ ಇಟ್ಟುಕೊಳ್ಳುವುದು ಅಪರಾಧ. ನಡುವೆ ಒಂದು ಗೋಪುರ, ಅದರ ಮೇಲಿಂದ ಕೂಗುವ ಸೈರನ್ನು. ಅದು ಒಮ್ಮೆ ಕೂಗಿದರೆ ಬೆಳಗಾಯಿತು, ಎರಡು ಸಲ ಕೂಗಿದರೆ ಕೆಲಸಕ್ಕೆ ಹೊರಡಬೇಕು, ಮೂರು ಸಲ ಕೂಗಿದರೆ ಮಲಗಬೇಕು. ಹದಿನಾಲ್ಕು ವರ್ಷದ ನಾಯಕಿಯ ಕೋಣೆಯಲ್ಲಿ ಒಂದು ಪೈಪು ಸೋರುತ್ತದೆ. ತೊಟ್ಟಿಕ್ಕುವ ಹನಿಗಳನ್ನು ಎಣಿಸುತ್ತ ಅವಳು ಒಂದು ಸಂಗತಿ ಕಂಡುಹಿಡಿಯುತ್ತಾಳೆ: ಕೆಲಸದ ಹೊತ್ತು ದಿನದಿಂದ ದಿನಕ್ಕೆ ಉದ್ದವಾಗುತ್ತಿದೆ. ಯಾರೋ ಮೋಸ ಮಾಡುತ್ತಿದ್ದಾರೆ. ಕೊನೆಯ ಅಧ್ಯಾಯದಲ್ಲಿ ಅವಳು ಗೋಪುರ ಹತ್ತಿ ತುದಿಯ ಬಾಗಿಲನ್ನು ತೆರೆಯುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಒಟ್ಟು ಮೂರು ಭಾಗಗಳ ಕಥೆ ಅದು; ನಮ್ಮ ಪೆಟ್ಟಿಗೆಯಲ್ಲಿ ಬಂದದ್ದು ಮೊದಲನೆಯ ಭಾಗ ಮಾತ್ರ.

ಈ ಕಥೆಯನ್ನು ನಾನು ಹೇಳಿದ್ದು ಅಕ್ಕಲಕೋಟೆಯ ನನ್ನ ಸೋದರತ್ತೆಯ ಮಗಳಿಗೆ. ನನಗಿಂತ ಎರಡು ತಿಂಗಳಿಗೆ ದೊಡ್ಡವಳು. ಮಠದ ಹತ್ತಿರ ಅವರದು ತೆಂಗಿನಕಾಯಿ, ಊದಿನಕಡ್ಡಿ, ಪೇಢೆಗಳ ಅಂಗಡಿ. ಅವಳು ಓದುತ್ತಿದ್ದದ್ದು ಕನ್ನಡ ಶಾಲೆಯಲ್ಲಿ, ನಾನು ಇಂಗ್ಲಿಷ್ ಶಾಲೆಯಲ್ಲಿ. ಮನೆಯಲ್ಲಿ ಇಬ್ಬರೂ ಆಡುವುದು ಒಂದೇ ಕನ್ನಡ, ಆದರೆ ನನಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅಂಗಡಿಯ ಬೋರ್ಡು ಮರಾಠಿ, ಶಾಲೆ ಇಂಗ್ಲಿಷ್, ಪೇಠೆಯ ಮಾತು ಅರ್ಧ ಮರಾಠಿ. ಕನ್ನಡ ಅಕ್ಷರ ಕಲಿಯಬೇಕೆಂದು ನನಗೆ ಎಂದೂ ಅನಿಸಿರಲಿಲ್ಲ.

ತಿಂಗಳಿಗೆ ಎರಡು ಶನಿವಾರ ಅಪ್ಪ ಅಕ್ಕಲಕೋಟೆಯ ಅಂಗಡಿಗಳಿಗೆ ಮಾಲು ಒಯ್ಯುತ್ತಿದ್ದರು. ನನ್ನನ್ನೂ ವ್ಯಾನಿನಲ್ಲಿ ಕೂಡಿಸಿಕೊಂಡು ಅತ್ತೆಯ ಮನೆಯಲ್ಲಿ ಬಿಟ್ಟು, ಸಂಜೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಅತ್ತೆಯ ಮಗಳಿಗೆ ಶನಿವಾರ ಮುಂಜಾನೆಯ ಶಾಲೆ. ಮಧ್ಯಾಹ್ನ ಅವಳು ಬರುವಾಗ ಜೊತೆಗೊಬ್ಬ ಗೆಳತಿಯೂ ಬರುತ್ತಿದ್ದಳು. ಆ ಗೆಳತಿ ಬೋರಾಮಣಿ ಕಡೆಯ ಕುರಿ ಸಾಕುವ ಮನೆಯವಳು, ಶಾಲೆಗಾಗಿ ಅಕ್ಕಲಕೋಟೆಯ ಸೋದರಮಾವನ ಮನೆಯಲ್ಲಿದ್ದಳು. ಮಾತು ಕಡಿಮೆ. ಆಡಿದ ಮಾತನ್ನು ಮಾತ್ರ ಯಾರೂ ಅಲ್ಲಾಡಿಸಲಾಗದಂತೆ ಆಡುವವಳು.

ಮಾಳಿಗೆಯ ಮೇಲೆ ಹಪ್ಪಳ ಕಾಯುವ ನೆಪದಲ್ಲಿ ಕೂತು ನಾನು ಕಥೆ ಹೇಳಿದೆ. ಸೈರನ್ನಿಗೆ ಏನೆನ್ನುವುದೆಂದು ಯೋಚಿಸುವ ಪ್ರಮೇಯವೇ ಬರಲಿಲ್ಲ. ಗಿರಣಿಯ ಸೈರನ್ನಿಗೆ ನಮ್ಮೂರಿನಲ್ಲಿ ಎಲ್ಲರೂ ಭೋಂಗಾ ಎನ್ನುತ್ತಾರೆ. ನನ್ನ ಕಥೆಯ ಗೋಪುರದಲ್ಲೂ ಭೋಂಗಾ ಕೂಗಿತು. ನಾಯಕಿ ಹನಿ ಎಣಿಸಿ ಮೋಸ ಕಂಡುಹಿಡಿಯುವಲ್ಲಿಗೆ ಬಂದಾಗ, ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಗೆಳತಿ ಬಾಯಿ ಬಿಟ್ಟಳು.

"ಆ ಊರಾಗ ಒಂದೂ ಕುರಿ ಇರಲಿಲ್ಲೇನು?"

"ಇಲ್ಲ. ಅದು ಮುಂದಿನ ಕಾಲದ ಊರು. ಎಲ್ಲಾ ಕಬ್ಬಿಣದ್ದು."

"ಕುರಿ ಇದ್ದಿದ್ರ ಮೊದಲನೇ ದಿನಾನ ಗೊತ್ತಾಗ್ತಿತ್ತು. ಹನಿ ಎಣಸೂದು ಬ್ಯಾಡ, ಏನೂ ಬ್ಯಾಡ. ಮೇಯೂ ಹೊತ್ತಿಗೆ ಅವು ಏಳ್ತಾವ, ಮೆಲಕ್ ಹಾಕೂ ಹೊತ್ತಿಗೆ ಕೂಡ್ತಾವ. ನಮ್ಮಪ್ಪ ಗಡಿಯಾರ ನೋಡೂದಿಲ್ಲ, ಕುರಿ ನೋಡ್ತಾನ."

ಅತ್ತೆಯ ಮಗಳ ತಕರಾರೇ ಬೇರೆ. "ಗೋಪುರ ಹತ್ತಾಕ ಅಕಿ ಒಬ್ಬಾಕಿನ ಯಾಕ ಹೋದ್ಲು? ಓಣ್ಯಾಗ ಒಬ್ಬ ಗೆಳತಿನೂ ಇರಲಿಲ್ಲೇನು? ಇಂಥಾ ಪುಸ್ತಕದಾಗ ಎಲ್ಲಾರೂ ಒಬ್ಬೊಬ್ಬರ ಹೋಗ್ತಾರ ನೋಡು. ಅದಕ್ಕ ಸಿಕ್ಕ್ ಬೀಳ್ತಾರ."

ನಮ್ಮ ಶಾಲೆಯಲ್ಲಿ ಇಂಥ ಅಭಿಪ್ರಾಯ ಯಾರಿಂದಲೂ ಬಂದಿರಲಿಲ್ಲ. ನಾವು ಪುಸ್ತಕವನ್ನು ಇನ್ನೊಂದು ಪುಸ್ತಕಕ್ಕೆ ಹೋಲಿಸುತ್ತಿದ್ದೆವು. ಇವರಿಬ್ಬರು ಅದನ್ನು ಮನೆಗೆ, ಓಣಿಗೆ, ಹಟ್ಟಿಗೆ ಹೋಲಿಸುತ್ತಿದ್ದರು. ಅಂದು ಸಂಜೆ ವ್ಯಾನಿನಲ್ಲಿ ಕೂತು ಬರುವಾಗ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ. ಅಪ್ಪ ಎರಡು ಸಲ ತಿರುಗಿ ನೋಡಿದರು.

ಮುಂದಿನ ಶನಿವಾರಕ್ಕೆ ಕಾಯುವುದು ಅತ್ತೆಯ ಮಗಳಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಅವಳು ಅತ್ತೆಯ ಮೊಬೈಲಿನಿಂದ ಧ್ವನಿ ಸಂದೇಶ ಕಳಿಸುವಳು, ನಾನು ಅಮ್ಮನ ಮೊಬೈಲಿನಿಂದ ಉತ್ತರ ಕೊಡುವೆ. ಹೀಗೆ ಮೊದಲನೆಯ ಭಾಗ ಮುಗಿಯಿತು. ನಾಯಕಿ ಬಾಗಿಲು ತೆರೆದಳು ಎಂದು ಹೇಳಿ ನಾನು ನಿಲ್ಲಿಸಿದೆ.

ಹತ್ತು ನಿಮಿಷದಲ್ಲಿ ಸಂದೇಶ ಬಂತು. "ಬಾಗಲದಾಚೆ ಏನಿತ್ತು? ನಾ ಇದನ್ನ ಕನ್ನಡದಾಗ ನೋಟ್‌ಬುಕ್ಕಿನ್ಯಾಗ ಬರ್ಯಾಕತ್ತೀನಿ. ಕ್ಲಾಸಿನ್ಯಾಗ ಎಲ್ಲಾರೂ ಪಾಳಿ ಹಚ್ಚಿ ಓದಾಕತ್ತಾರ. ನಾಳಿ ಏನ್ ಬರೀಲಿ?"

ಎರಡನೆಯ ಭಾಗ ನನ್ನ ಬಳಿ ಇಲ್ಲ ಎಂದು ಹೇಳಬೇಕಿತ್ತು. ಪುಸ್ತಕದ ಅಂಗಡಿಯಲ್ಲಿ ವಿಚಾರಿಸಿದ್ದೆ. ಮುಂಬೈಯಿಂದ ತರಿಸಬೇಕು, ಯಾವಾಗ ಬರುತ್ತದೋ ಗೊತ್ತಿಲ್ಲ ಎಂದಿದ್ದರು. ಆದರೆ ಒಂದು ಇಡೀ ತರಗತಿ ನನ್ನ ಮಾತಿಗೆ ಕಾಯುತ್ತಿದೆ ಎಂದು ಕೇಳಿದ ಮೇಲೆ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ಎರಡನೇ ಭಾಗ ಶುರು ಮಾಡೀನಿ," ಎಂದೆ. "ಬಾಗಲದಾಚೆ ಇನ್ನೊಂದ್ ಖೋಲಿ ಇತ್ತು. ಅದರಾಗ ಒಬ್ಬ ಮುದಕ ಕುಂತಿದ್ದ. ಅವನ ಭೋಂಗಾ ಊದಾವ."

ಹೇಳಿದ್ದಾಯಿತು. ಆ ಮುದುಕ ಮುಂದೆ ಏನು ಮಾಡುತ್ತಾನೆಂದು ನನಗೆ ಗೊತ್ತಿರಲಿಲ್ಲ.

ಆ ಮುದುಕನನ್ನು ಮುಂದಕ್ಕೆ ನಡೆಸಿದವಳು ನಮ್ಮ ಅಜ್ಜಿ. ನಾವು ಅವಳನ್ನು ಕರೆಯುವುದು ಆಯಿ ಎಂದು. ಮರುದಿನ ಅವಳು ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದಾಗ ನಾನು ಸುಮ್ಮನೆ ಕೇಳಿದೆ: "ಆಯಿ, ಮಿಲ್ಲಿನ ಭೋಂಗಾ ಯಾರು ಊದ್ತಿದ್ರು?"

ಆಯಿ ಸೊಪ್ಪು ಕೆಳಗಿಟ್ಟಳು. "ನಾ ಲಗ್ನಾಗಿ ಬಂದಾಗ ಈ ಊರು ಭೋಂಗಾದ ಮ್ಯಾಲ ಏಳ್ತಿತ್ತು, ಭೋಂಗಾದ ಮ್ಯಾಲ ಉಣ್ತಿತ್ತು. ಒಂದ್ ಮಿಲ್ಲಿನ ಭೋಂಗಾದಾವ ನಮ್ಮ ಓಣ್ಯಾಗ ಇದ್ದ. ದಿನಾ ಪಾಳಿಗೆ ಹೋಗೂ ಮುಂದ ನಮ್ಮ ಅಂಗಡಿ ಮುಂದ ನಿಂತು, 'ಸಾವಕಾರ್ರ, ಎಷ್ಟಾತ್ರಿ?' ಅಂತ ನಿಮ್ಮ ಮುತ್ಯಾನ ಕೇಳ್ತಿದ್ದ. ನಮ್ಮ ಗಡಿಯಾರ ನೋಡಿ ಹೋಗಿ ಅವ ಭೋಂಗಾ ಊದಾವ."

"ಮತ್ತ ಮುತ್ಯಾ ಅಂಗಡಿ ಗಡಿಯಾರ ಹೆಂಗ ಹಚ್ತಿದ್ದ?" ಮುತ್ಯಾ ಎಂದರೆ ನನ್ನ ಅಜ್ಜ.

"ಹೆಂಗಂದ್ರ? ಭೋಂಗಾ ಕೇಳಿ ಹಚ್ತಿದ್ದ."

ಹೇಳಿದ ಮೇಲೆ ಅವಳಿಗೇ ಅದು ಹೊಳೆಯಿತು. ಆಮೇಲೆ ಇಬ್ಬರೂ ಎಷ್ಟು ನಕ್ಕೆವೆಂದರೆ ಅಮ್ಮ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದರು. ಅಷ್ಟು ವರ್ಷ ಊರಿನ ಒಂದು ಭಾಗ ಯಾವ ಹೊತ್ತಿಗೆ ಎದ್ದು ಯಾವ ಹೊತ್ತಿಗೆ ಉಂಡಿತೋ ದೇವರಿಗೇ ಗೊತ್ತು ಎಂದು ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನನ್ನ ಎರಡನೆಯ ಭಾಗ ಅಲ್ಲಿಂದ ಹುಟ್ಟಿತು. ಭೋಂಗಾ ಊದುವ ಮುದುಕ ಹೊತ್ತು ಎಷ್ಟೆಂದು ಕಾವಲುಗಾರನನ್ನು ಕೇಳುತ್ತಾನೆ. ಕಾವಲುಗಾರ ಊರಿನ ಒಡೆಯನನ್ನು ಕೇಳುತ್ತಾನೆ. ಒಡೆಯನ ಹತ್ತಿರ ಊರಿಗೆಲ್ಲ ಒಂದೇ ಒಂದು ಗಡಿಯಾರ ಇದೆ, ಅದನ್ನು ಅವನು ಭೋಂಗಾ ಕೇಳಿ ಹೊಂದಿಸುತ್ತಾನೆ. ಇಡೀ ಊರು ಯಾರಿಗೂ ಗೊತ್ತಿಲ್ಲದ ಹೊತ್ತಿನ ಮೇಲೆ ನಡೆಯುತ್ತಿದೆ. ಇದನ್ನು ಮೂರು ಸಂದೇಶಗಳಲ್ಲಿ ಹೇಳಿ ಕಳಿಸಿದೆ.

ಅಕ್ಕಲಕೋಟೆಯ ಆ ತರಗತಿ ಎರಡು ಪಕ್ಷವಾಯಿತು. ಒಡೆಯ ಕೆಟ್ಟವನೋ ದಡ್ಡನೋ ಎಂಬುದೇ ಜಗಳ. ಕೆಟ್ಟವನು ಎನ್ನುವವರು ಗೋಡೆಯ ಕಡೆಯ ಬೆಂಚುಗಳಲ್ಲಿ, ದಡ್ಡ ಎನ್ನುವವರು ಕಿಟಕಿಯ ಕಡೆ. ಗೆಳತಿಯ ಅಭಿಪ್ರಾಯವನ್ನು ಅತ್ತೆಯ ಮಗಳು ಸಂದೇಶದಲ್ಲಿ ಹಾಗೆಯೇ ಕಳಿಸಿದಳು: "ಅವ ದಡ್ಡ ಇದ್ರೂ ಕೆಟ್ಟಾವನ. ಗೊತ್ತಿಲ್ಲ ಅಂತ ಹೇಳಬೇಕಿತ್ತು." ಗೊತ್ತಿಲ್ಲ ಎಂದು ಹೇಳಬೇಕಾದವರಲ್ಲಿ ನಾನೂ ಒಬ್ಬಳು.

ಆದರೆ ನಿಲ್ಲಿಸಲಿಲ್ಲ. ನಿಲ್ಲಿಸುವುದಿರಲಿ, ಗೆಳತಿಯನ್ನು ಖುಷಿಪಡಿಸಲು ಕುರಿಗಳನ್ನೂ ತಂದೆ. ಗೋಪುರದ ನೆಲಮಾಳಿಗೆಯಲ್ಲಿ ಯಾರೋ ಬಚ್ಚಿಟ್ಟು ಸಾಕಿದ ಹದಿನಾರು ಕುರಿಗಳು. ನಾಯಕಿ ಅವುಗಳನ್ನು ನೋಡಿ ನಿಜವಾದ ಹೊತ್ತನ್ನು ಕಲಿಯುತ್ತಾಳೆ. ಎರಡು ತಿಂಗಳು ಹೀಗೆಯೇ ನಡೆಯಿತು. ಪ್ರತಿ ಸಂಜೆ ಶಾಲೆಯಿಂದ ಬಂದು ಚಹಾ ಕುಡಿಯುವಷ್ಟರಲ್ಲಿ ಮುಂದಿನ ಕಥೆಯನ್ನು ತಲೆಯಲ್ಲೇ ಕೂಡಿಸಿಕೊಂಡಿರುತ್ತಿದ್ದೆ. ಅಷ್ಟು ಸುಖವನ್ನು ನಾನು ಅದುವರೆಗೆ ಯಾವುದರಲ್ಲೂ ಕಂಡಿರಲಿಲ್ಲ.

ಆಮೇಲೆ ಸೊಲ್ಲಾಪುರದ ಒಂದು ವಾಚನಾಲಯದವರು ಶಾಲಾ ಮಕ್ಕಳ ಓದಿನ ಕೂಟ ಇಟ್ಟುಕೊಂಡರು. ಒಂದೊಂದು ಶಾಲೆಯಿಂದ ಇಬ್ಬರು ಬಂದು ತಮಗೆ ಹಿಡಿಸಿದ ಕಾದಂಬರಿಯ ಬಗ್ಗೆ ಐದು ನಿಮಿಷ ಮಾತಾಡಬೇಕು. ಕನ್ನಡ, ಮರಾಠಿ, ತೆಲುಗು, ಉರ್ದು, ಇಂಗ್ಲಿಷ್, ಯಾವ ಭಾಷೆಯಾದರೂ ಸರಿ. ಕೂಟಕ್ಕೆ ಒಂದು ವಾರ ಇರುವಾಗ ಅತ್ತೆಯ ಮಗಳ ಸಂದೇಶ ಬಂತು. ಅವರ ಶಾಲೆಯಿಂದ ಅವಳು ಮತ್ತು ಅವಳ ಗೆಳತಿ ಬರುತ್ತಿದ್ದಾರೆ. ಭೋಂಗಾದ ಕಥೆಯ ಬಗ್ಗೆ ಮಾತಾಡುತ್ತಾಳಂತೆ. "ಎರಡನೇ ಭಾಗದ್ದ ಹೇಳ್ತೀನಿ. ಅದ ಭಾರಿ ಅದ."

ಏಳು ದಿನ ಇತ್ತು ನನ್ನ ಕೈಯಲ್ಲಿ. ದಿನಾ ಅಮ್ಮನ ಮೊಬೈಲು ಕೈಗೆ ತೆಗೆದುಕೊಳ್ಳುವುದು, ಇಡುವುದು. ಎರಡನೆಯ ಭಾಗ ಓದಿದವರು ಈ ಊರಿನಲ್ಲಿ ಯಾರಿದ್ದಾರೆ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ.

ಕೂಟದ ದಿನ ವಾಚನಾಲಯದ ಸಭಾಂಗಣ ತುಂಬಿತ್ತು. ನಡೆಸಿಕೊಡುತ್ತಿದ್ದವರು ಅಲ್ಲಿಯ ಗ್ರಂಥಪಾಲಕಿ, ಬೆಳ್ಳಗಿನ ಕೂದಲಿನ ನಗುಮೊಗದ ಹೆಂಗಸು. ನಮ್ಮ ಶಾಲೆಯ ಪರವಾಗಿ ನಾನು ಒಂದು ಹಡಗಿನ ಕಥೆಯ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿ ಕೂತೆ. ಏನು ಹೇಳಿದೆನೋ ನೆನಪಿಲ್ಲ. ಆಮೇಲೆ ಅತ್ತೆಯ ಮಗಳು ಎದ್ದಳು. ಎರಡು ಜಡೆ, ನೀಲಿ ರಿಬ್ಬನ್ನು, ಕೈಯಲ್ಲಿ ಆ ನೋಟ್‌ಬುಕ್ಕು. ಅದನ್ನು ಒಮ್ಮೆಯೂ ತೆರೆಯಲಿಲ್ಲ.

ಇಷ್ಟು ಚೆನ್ನಾಗಿ ಮಾತಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಕನ್ನಡ ಬಾರದವರೂ ಕಿವಿಗೊಟ್ಟು ಕೇಳುತ್ತಿದ್ದರು. ಭೋಂಗಾ ಎಂದ ಕೂಡಲೇ ಹಿಂದಿನ ಸಾಲಿನ ದೊಡ್ಡವರು ಒಬ್ಬರಿಗೊಬ್ಬರು ಏನೋ ಹೇಳಿಕೊಂಡು ನಕ್ಕರು. ಗಡಿಯಾರ ಮತ್ತು ಭೋಂಗಾ ಒಂದನ್ನೊಂದು ಕೇಳಿಕೊಳ್ಳುವಲ್ಲಿಗೆ ಬಂದಾಗ ಇಡೀ ಸಭೆ ನಕ್ಕಿತು. ನನಗೆ ಹೆಮ್ಮೆಯೂ ಭಯವೂ ಒಟ್ಟಿಗೇ ಆದವು. ಅವಳು ಕುರಿಗಳ ಮಾತಿಗೆ ಬಂದಳು.

ಮಧ್ಯದ ಸಾಲಿನಿಂದ, ಪಕ್ಕದವನಿಂದ ಮರಾಠಿಯಲ್ಲಿ ಅರ್ಥ ಕೇಳಿಕೊಳ್ಳುತ್ತಿದ್ದ, ಕನ್ನಡಕ ಹಾಕಿದ ಒಬ್ಬ ಹುಡುಗ ಕೈ ಎತ್ತಿದ. ಬೇರೆ ಶಾಲೆಯವನು. ಮರಾಠಿಯಲ್ಲಿ, ತುಂಬ ಮರ್ಯಾದೆಯಿಂದ ಹೇಳಿದ: "ಮ್ಯಾಡಮ್, ದುಸರ್‍ಯಾ ಭಾಗಾತ ಮೇಂಢ್ಯಾ ನಾಹೀತ." ಎರಡನೆಯ ಭಾಗದಲ್ಲಿ ಕುರಿಗಳೇ ಇಲ್ಲ. ಅವನ ಕೈಯಲ್ಲಿ ದಪ್ಪನೆಯ ಪುಸ್ತಕ ಇತ್ತು. ಅದೇ ಎರಡನೆಯ ಭಾಗ.

ಅತ್ತೆಯ ಮಗಳು ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಕೇಳಬೇಕಾದದ್ದೆಲ್ಲ ಆ ಕಣ್ಣಲ್ಲೇ ಇತ್ತು.

ನಾನು ಎದ್ದು ನಿಂತೆ. "ಅಕಿದೇನೂ ತಪ್ಪಿಲ್ಲರಿ," ಎಂದೆ. "ಎರಡನೇ ಭಾಗ ನಾ ಓದೇ ಇಲ್ಲ. ನಾನ ಮಾಡಿ ಹೇಳೀನಿ. ಮುದಕ, ಗಡಿಯಾರ, ಕುರಿ ಎಲ್ಲಾ ನಂದ."

ಆಗ ಎರಡನೆಯ ಸಾಲಿನಲ್ಲಿ ಕೂತಿದ್ದ ಬೋರಾಮಣಿಯ ಗೆಳತಿ, ಎದ್ದೂ ನಿಲ್ಲದೆ, ಯಾರನ್ನೂ ನೋಡದೆ ಹೇಳಿದಳು: "ಹಂಗಾದ್ರ ಆ ಪುಸ್ತಕ ಬರದಾವರದ ತಪ್ಪಾತು. ಕುರಿ ಹಾಕಬೇಕಿತ್ತು."

ಮೊದಲು ನಕ್ಕವರು ಗ್ರಂಥಪಾಲಕಿ. ಆಮೇಲೆ ಎಲ್ಲರೂ. ಕನ್ನಡಕದ ಹುಡುಗನಿಗೆ ಪಕ್ಕದವನು ಮರಾಠಿಯಲ್ಲಿ ಹೇಳಿದ ಮೇಲೆ ಅವನೂ. ನಗು ನಿಂತ ಮೇಲೆ ಗ್ರಂಥಪಾಲಕಿ ಅವನನ್ನು ಕರೆದು, ನಿಜವಾದ ಎರಡನೆಯ ಭಾಗದಲ್ಲಿ ಏನಿದೆಯೆಂದು ಹೇಳಿಸಿದರು. ಬಾಗಿಲಿನ ಆಚೆ ಮರಳುಗಾಡು, ಅಲ್ಲಿ ಇನ್ನೊಂದು ಊರು, ಎರಡು ಊರುಗಳಿಗೂ ಯುದ್ಧ. ಅರ್ಧ ಪುಸ್ತಕ ಯುದ್ಧವೇ ಎಂದು ಅವನು ಒಪ್ಪಿಕೊಂಡ. "ಮತ್ತ ಅಲ್ಲಿ ಎಷ್ಟ್ ಗಂಟೆ ಆಗಿತ್ತಂತ?" ಎಂದು ಹಿಂದಿನ ಸಾಲಿನ ಒಬ್ಬ ಹಿರಿಯರು ಕೇಳಿದರು. ಅದನ್ನು ಪುಸ್ತಕದಲ್ಲಿ ಹೇಳಿಲ್ಲ ಎಂದು ಹುಡುಗ ಅಂದ. ಆಮೇಲೆ ಕೂಟದ ವೇಳಾಪಟ್ಟಿ ಕೆಟ್ಟೇ ಹೋಯಿತು. ಯುದ್ಧ ಬೇಕೆನ್ನುವವರು ಕೆಲವರು, ಮುದುಕ ಬೇಕೆನ್ನುವವರು ಕೆಲವರು. ಉರ್ದು ಶಾಲೆಯ ಒಬ್ಬ ಹುಡುಗಿ, ಒಡೆಯನ ಹೆಂಡತಿ ಎಲ್ಲಿದ್ದಾಳೆ, ಅವಳಿಗೆ ಹೊತ್ತು ಗೊತ್ತಿರಬೇಕು, ಅಡುಗೆ ಮಾಡುವವರಿಗೆ ಗೊತ್ತಿರುತ್ತದೆ ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಹೆಬ್ಬೆರಳಿನ ಉಗುರಿನಿಂದ ನನ್ನ ಕಾಗದದ ಅಂಚಿನಲ್ಲಿ ಒಂದು ಗುರುತು ಮಾಡಿಕೊಂಡೆ, ಪೆನ್ನು ಹುಡುಕುವಷ್ಟು ತಾಳ್ಮೆ ಇರಲಿಲ್ಲ.

ಚಹಾ ಬಿಡುವಿನಲ್ಲಿ ಕನ್ನಡಕದ ಹುಡುಗ ಬಂದು ತನ್ನ ಪುಸ್ತಕವನ್ನು ನನ್ನ ಕೈಗೆ ಕೊಟ್ಟ. ಓದಿ ವಾಚನಾಲಯದಲ್ಲಿ ಕೊಟ್ಟರೆ ಸಾಕಂತೆ. ಬದಲಿಗೆ ಕುರಿಗಳ ಕಥೆಯನ್ನು ಮೊದಲಿನಿಂದ ಹೇಳಬೇಕಂತೆ. ಹೇಳುತ್ತ ಹೇಳುತ್ತ ನಾನು ಅತ್ತೆಯ ಮಗಳನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳು ತಮ್ಮ ಟೀಚರ ಜೊತೆ ಅಕ್ಕಲಕೋಟೆಯ ಬಸ್ಸಿಗೆ ಹೊರಟುಹೋಗಿದ್ದಳು.

ಮೂರು ವಾರ ಸಂದೇಶ ಇಲ್ಲ. ನಾನು ಕಳಿಸಿದ್ದಕ್ಕೆ ಉತ್ತರ ಇಲ್ಲ. ಒಂದು ಶನಿವಾರ ನಾನೇ ಹೋದೆ. ಮನೆಯಲ್ಲಿರಲಿಲ್ಲ, ಗೆಳತಿಯ ಮಾವನ ಮನೆಗೆ ಹೋಗಿದ್ದಳು. ಅತ್ತೆ ಪೇಢೆ ಕೊಟ್ಟು, "ಸಿಟ್ಟ್ ಇಳೀಲಿ ತಡಿ, ಅಕಿ ಅವರಪ್ಪನಂಗ, ಏರೂದೂ ತಡಾ, ಇಳೂದೂ ತಡಾ," ಅಂದರು. ಅದರ ಮುಂದಿನ ಸಲ ಅಪ್ಪ ಒಬ್ಬರೇ ಹೋಗಿ ಬಂದರು. ಬರುವಾಗ ಒಂದು ಪ್ಲಾಸ್ಟಿಕ್ ಚೀಲ ತಂದರು. ಒಳಗೆ ಅವಳ ನೋಟ್‌ಬುಕ್ಕುಗಳಿದ್ದವು, ಎರಡು.

ತೆರೆದರೆ ಪುಟದ ತುಂಬ ಕನ್ನಡ. ನಡುವೆ ಕಥೆ, ನಾಲ್ಕೂ ಅಂಚುಗಳಲ್ಲಿ ಬೇರೆ ಬೇರೆ ಕೈಯ ಬರಹ, ನೀಲಿ, ಕೆಂಪು, ಪೆನ್ಸಿಲು. ಅವರ ತರಗತಿಯವರೆಲ್ಲ ಓದುತ್ತ ಓದುತ್ತ ಬರೆದ ಅಭಿಪ್ರಾಯಗಳು. ನನ್ನದೇ ಕಥೆ, ಅದರ ಬಗ್ಗೆಯೇ ಮಾತು, ಒಂದಕ್ಷರ ನನಗೆ ಓದಲು ಬಾರದು.

ಆಯಿಯ ಹತ್ತಿರ ಓಡಿದೆ. ಆಯಿ ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಗೆ ಹೋದವಳು. ಕನ್ನಡಕ ಹಾಕಿಕೊಂಡು ಒಂದು ಅಂಚು ಓದಿದಳು, ಬಾಯಿ ಮುಚ್ಚಿಕೊಂಡು ನಕ್ಕಳು. ಇನ್ನೊಂದು ಓದಿದಳು, ಮತ್ತೆ ನಕ್ಕಳು.

"ಏನದ? ಓದ್ ಆಯಿ."

"ನಿನಗಂತ ಬರದದ್ದನ್ನ ನಾ ಯಾಕ ಓದಲಿ? ಇಲ್ಲಿ ಕೂಡು. ಇದು ಅ. ನೋಡ್ಕೊ."

ಹದಿನೈದನೆಯ ವಯಸ್ಸಿನಲ್ಲಿ ನಾನು ಕನ್ನಡ ಅಕ್ಷರ ಕಲಿತದ್ದು ಹಾಗೆ. ಮಧ್ಯಾಹ್ನ ಆಯಿ ಮಲಗಿ ಎದ್ದ ಮೇಲೆ ಒಂದು ತಾಸು. ಮೊದಲು ಅವಳು ಹೇಳಿದ ಅಕ್ಷರ, ಆಮೇಲೆ ನೋಟ್‌ಬುಕ್ಕಿನ ಅಂಚು. ಒತ್ತಕ್ಷರ ಬಂದಲ್ಲೆಲ್ಲ ತೊಡರಿ ಬೀಳುತ್ತಿದ್ದೆ. ನಾನೇ ಓದಿದ ಮೊದಲ ಅಭಿಪ್ರಾಯ ನಾಯಕಿಯ ಬಗ್ಗೆ, ಪೆನ್ಸಿಲಿನಲ್ಲಿತ್ತು: "ಈ ಹುಡುಗಿ ಮೂರು ದಿನದಿಂದ ಊಟ ಮಾಡಿಲ್ಲ." ಅದರ ಕೆಳಗೆ ಇನ್ನೊಬ್ಬರದು: "ಓಡೂದು ಮಾತ್ರ ಭಾಳ ಓಡ್ತಾಳ." ನಾನು ಎದ್ದು ಅಂಗಳದಲ್ಲಿ ಕುಣಿದೆ. ಹಾಗೆ ಕುಣಿದದ್ದು ಬೈಗುಳಕ್ಕೆ ಎಂದು ಅಮ್ಮನಿಗೆ ತಿಳಿಸಿ ಹೇಳಲು ಆಗಲಿಲ್ಲ.

ದಿನಕ್ಕೆ ಎರಡು ಪುಟ, ಮೂರು ಪುಟ. "ಕುರಿ ಏಣಿ ಹತ್ತೂದಿಲ್ಲ" ಎಂದು ಕೆಂಪು ಮಸಿಯಲ್ಲಿ, ಅಡಿಗೆರೆ ಸಮೇತ. ಅದು ಯಾರೆಂದು ಹೇಳಬೇಕಿರಲಿಲ್ಲ. "ಒಡೆಯನನ್ನು ಸಾಯಿಸಬೇಡಿರಿ, ಅವನಿಗೆ ಗಡಿಯಾರ ರಿಪೇರಿ ಕಲಿಸಿರಿ." "ಮುದುಕ ನಮ್ಮ ಅಜ್ಜನಂಗ ಮಾತಾಡ್ತಾನ." ಒಬ್ಬರು ಏನೂ ಬರೆಯದೆ, ಗೋಪುರದ ಚಿತ್ರ ಬಿಡಿಸಿ ಅದರ ತುದಿಗೆ ಒಂದು ಕಾಗೆ ಕೂರಿಸಿದ್ದರು.

ಎರಡನೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅತ್ತೆಯ ಮಗಳು ನನಗಾಗಿ ಬರೆದಿದ್ದಳು. ಆರು ಸಾಲು. ಆಯಿಯನ್ನು ಕೇಳದೆ ಓದಬೇಕೆಂದು ಹಟ ಹಿಡಿದು ಎರಡು ದಿನ ತೆಗೆದುಕೊಂಡೆ. "ನೀ ಸುಳ್ಳ್ ಹೇಳಿದ್ದಕ್ಕ ಸಿಟ್ಟ್ ಬಂದಿಲ್ಲ. ಒಬ್ಬಾಕಿನ ಹೇಳಿದ್ದಕ್ಕ ಬಂದದ. ನನಗ ಮೊದಲ ಹೇಳಿದ್ರ ಇಬ್ಬರೂ ಕೂಡಿ ಮಾಡ್ತಿದ್ದಿವಿ. ಮೂರನೇ ಭಾಗ ನೀ ಒಬ್ಬಾಕಿ ಮಾಡಿದ್ರ ನಾ ಬರ್ಯೂದಿಲ್ಲ. ಇದನ್ನ ನೀ ಓದಿದ್ರ ಫೋನ್ ಮಾಡು. ಆಯಿ ಕಡೆ ಓದಿಸಿದ್ರ ಮಾಡಬ್ಯಾಡ."

ಫೋನ್ ಮಾಡಿದೆ. ಆ ಆರೂ ಸಾಲುಗಳನ್ನು ಅಕ್ಷರ ಅಕ್ಷರವಾಗಿ ಅವಳಿಗೇ ಓದಿ ಹೇಳಿದೆ. ಎರಡು ಕಡೆ ತಪ್ಪಿದೆ. ಅವಳು ತಿದ್ದಿದಳು. ಆಮೇಲೆ, "ದೀಪಾವಳಿ ಸೂಟಿಗೆ ಬೋರಾಮಣಿಗೆ ಹೋಗೂದದ," ಎಂದಳು. "ಅಕಿ ಕರದಾಳ. ನೀನೂ ಬಾ."

ಹುಡುಗ ಕೊಟ್ಟ ಪುಸ್ತಕ, ಮಕ್ಕಳ ಜಗಳ ಎಂದು ನಮ್ಮ ಮನೆಯವರು ಎಲ್ಲವನ್ನೂ ನಕ್ಕು ಬಿಟ್ಟಿದ್ದರು. ಬೋರಾಮಣಿಗೆ ಹೋಗುವುದಕ್ಕೆ ಮಾತ್ರ ಅಮ್ಮ ಒಂದು ವಾರ ಸತಾಯಿಸಿದರು. ಕೊನೆಗೆ ಆಯಿಯ ಮಾತಿನ ಮೇಲೆ ಬಿಟ್ಟರು. ಹೋಗುವ ಮೊದಲು ಹುಡುಗ ಕೊಟ್ಟ ಎರಡನೆಯ ಭಾಗವನ್ನು ಓದಿ ಮುಗಿಸಿದೆ. ಚೆನ್ನಾಗಿಯೇ ಇತ್ತು. ಯುದ್ಧದ ನಡುವೆ ನಾಯಕಿ ತನ್ನ ತಂಗಿಗೆ ಬರೆಯುವ ಒಂದು ಕಾಗದ ಓದಿ ಅತ್ತುಬಿಟ್ಟೆ. ಅವರ ಕಥೆ ಅವರದು, ನಮ್ಮದು ನಮ್ಮದು ಎನಿಸಿತು.

ಬೋರಾಮಣಿಯ ಆಚೆ ಹುಲ್ಲುಗಾವಲು. ಅಷ್ಟು ದೂರದವರೆಗೆ ಕಣ್ಣಿಗೆ ಏನೂ ಅಡ್ಡ ಬರದ ಜಾಗವನ್ನು ನಾನು ನೋಡಿರಲೇ ಇಲ್ಲ. ಗೆಳತಿಯ ತಂದೆ ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿ ಮೇಯಿಸುತ್ತಿದ್ದರು. ನಾವು ಮೂವರು ಕುರಿ ಸಾಕುವವರ ದೇವರಾದ ಬಿರೋಬಾನ ಕಟ್ಟೆಯ ಹತ್ತಿರ ನೋಟ್‌ಬುಕ್ಕು ತೆರೆದು ಕೂತೆವು. ನಾಯಕಿ ಛಾವಣಿಯಿಂದ ಹೊರಗೆ ಬರಬೇಕು. ಹೊರಗೆ ಇಂಥದೇ ಬಯಲು. ಮೊದಲ ಸಲ ಆಕಾಶ ಕಂಡವಳಿಗೆ ಏನನಿಸುತ್ತದೆ ಎಂಬುದರ ಮೇಲೆ ನಾನು ಅರ್ಧ ಪುಟ ಹೇಳಿದೆ. ಅತ್ತೆಯ ಮಗಳು ಬರೆದುಕೊಂಡಳು.

ಗೆಳತಿಯ ತಂದೆ ದೂರದಿಂದ ಕೇಳಿಸಿಕೊಳ್ಳುತ್ತಿದ್ದವರು ಹತ್ತಿರ ಬಂದರು. "ತಪ್ಪ್ ತಿಳಕೋಬ್ಯಾಡ್ರಿ ತಂಗಿ," ಅಂದರು. "ಆ ಹುಡುಗಿ ಹೊರಗ ಬಂದು ಆಕಾಶ ನೋಡ್ಕೋತ ನಿಂತ್ರ ಹೆಂಗ? ಮೊದಲ ನೀರ ಎಲ್ಲದ ನೋಡಬೇಕು. ಆಕಾಶ ಎಲ್ಲಿ ಹೋಗ್ತದ?"

ಅರ್ಧ ಪುಟ ಹೊಡೆದುಹಾಕಿದೆವು. ಆಮೇಲೆ ಗೆಳತಿ ನನಗೊಂದು ಪರೀಕ್ಷೆ ಇಟ್ಟಳು. ಅಮ್ಮ ಕೊಟ್ಟು ಕಳಿಸಿದ್ದ ಮೊಬೈಲು ಕಸಿದುಕೊಂಡು, ನೆರಳು ನೋಡಿ ಹೊತ್ತು ಹೇಳು ಎಂದಳು. ನಾನು ಬಹಳ ಯೋಚಿಸಿ ಮೂರೂವರೆ ಎಂದೆ. ಅತ್ತೆಯ ಮಗಳು ಎರಡು ಎಂದಳು. ಗೆಳತಿ ಒಂದೂ ಮುಕ್ಕಾಲು ಎಂದಳು. ಮೊಬೈಲಿನಲ್ಲಿ ಒಂದು ನಲವತ್ತೆಂಟು. ನನ್ನನ್ನು ಆ ಊರಿನ ಒಡೆಯನನ್ನಾಗಿ ಮಾಡಬಹುದು ಎಂದು ಅತ್ತೆಯ ಮಗಳು ಹುಲ್ಲಿನ ಮೇಲೆ ಬಿದ್ದು ನಕ್ಕಳು. ಗೆಳತಿಯ ತಂದೆಯೂ ಮುಖ ಆಚೆ ತಿರುಗಿಸಿ ನಕ್ಕದ್ದನ್ನು ನಾನು ನೋಡಿದೆ.

ಸಂಜೆಯವರೆಗೆ ಹನ್ನೊಂದು ಪುಟ ಆಯಿತು. ಕೊನೆಯ ಎರಡು ಪುಟಗಳನ್ನು ನಾನು ನನ್ನ ಕೈಯಿಂದ ಕನ್ನಡದಲ್ಲಿ ಬರೆದೆ. ಲ ಮತ್ತು ಳ ಅದಲುಬದಲಾಗಿದ್ದವು, ಸಾಲುಗಳು ಕೆಳಗೆ ಜಾರಿದ್ದವು. ಅವರಿಬ್ಬರೂ ತಿದ್ದಲಿಲ್ಲ, ಓದಲು ಬರುತ್ತದೆ, ಸಾಕು ಎಂದರು.

ಸೊಲ್ಲಾಪುರದ ಬಸ್ಸಿಗೆ ಕಾಯುತ್ತ ರಸ್ತೆಯ ಬದಿಯಲ್ಲಿ ನಿಂತಾಗ ಕೊನೆಯ ಜಗಳ ಶುರುವಾಯಿತು. ಹೊರಗೆ ಬಂದ ನಾಯಕಿ, ಒಳಗೆ ಉಳಿದವರನ್ನು ಕರೆತರಲು ತಿರುಗಿ ಹೋಗಬೇಕೋ ಬೇಡವೋ? ಹೋಗಬೇಕು ಎಂದು ಅತ್ತೆಯ ಮಗಳು. ಬಾಗಿಲು ತೆರೆದಿಟ್ಟರೆ ಸಾಕು, ಬರುವವರು ಬರುತ್ತಾರೆ, ಎಳೆದು ತರುವುದು ಸರಿಯಲ್ಲ ಎಂದು ಗೆಳತಿ. ನನ್ನ ಮತ ಯಾರ ಕಡೆಗೋ ಆ ಕಡೆ ಗೆಲುವು. ನಾನು ಒಮ್ಮೆ ಇವಳ ಮಾತಿಗೆ ತಲೆಯಾಡಿಸಿದೆ, ಒಮ್ಮೆ ಅವಳ ಮಾತಿಗೆ. ಬಸ್ಸು ಬಂತು. ಹತ್ತಿ ಕಿಟಕಿಯಿಂದ ಹೊರಗೆ ತಲೆ ಹಾಕಿದರೂ ಅವರಿಬ್ಬರೂ ಕೆಳಗಿನಿಂದ ವಾದಿಸುತ್ತಲೇ ಇದ್ದರು. ಎಲ್ಲಿಗೆ ಹೋಗಬೇಕೆಂದು ಕಂಡಕ್ಟರು ಮೂರು ಸಲ ಮರಾಠಿಯಲ್ಲಿ ಕೇಳಿದ ಮೇಲೆ ನನಗೆ ಕೇಳಿಸಿತು.

ಕೊನೆಗೆ ಎರಡನ್ನೂ ಬರೆದೆವು, ಎದುರುಬದುರು ಪುಟಗಳಲ್ಲಿ.